ಸ್ವೀಡನ್ನಿಗೆ ಹೋದ ಹಳದಿ ಗುಳಿಗೆ

ಹಿಮಾಯತ್‌ನಗರ

ವಿದೇಶಕ್ಕೆ ಹೊರಟವರಿಗೆ ಬೇರೆ ಮನೆಗಳಲ್ಲಿ ಹಣೆಗೆ ಕುಂಕುಮ ಹಚ್ಚಿ, ಕೈಗೆ ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ನನಗೆ ಮಲೇರಿಯಾ ಗುಳಿಗೆ ಕೊಟ್ಟರು. ಅದೂ ಎಲ್ಲಿಗೆ ಹೊರಟಿದ್ದೆ ಅಂತೀರಿ? ಫೆಬ್ರವರಿ ತಿಂಗಳಲ್ಲಿ, ಕೆರೆಕಟ್ಟೆಗಳೆಲ್ಲ ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿದ್ದ ಸ್ವೀಡನ್ನಿಗೆ!

ಕೊಟ್ಟವನು ನಮ್ಮಪ್ಪ. ಅಪ್ಪ ರಾಯಚೂರಿನವನು. ರಾಯಚೂರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ನೌಕರಿಗೆಂದು ಹೈದರಾಬಾದು ಶಹರಕ್ಕೆ ಬಂದ. ಆಮೇಲೆ ಊರು ಮೈಸೂರು ರಾಜ್ಯಕ್ಕೆ ಸೇರಿತು, ಹೈದರಾಬಾದು ಆಂಧ್ರದ ರಾಜಧಾನಿಯಾಯಿತು, ಅಪ್ಪ ಮಾತ್ರ ಹಿಮಾಯತ್‌ನಗರದ ಬಾಡಿಗೆ ಮನೆಯಲ್ಲಿ ಇದ್ದಲ್ಲೇ ಇದ್ದ. ಇಡೀ ನೌಕರಿಯನ್ನು ಮಲೇರಿಯಾ ನಿರ್ಮೂಲನದ ಕೆಲಸದಲ್ಲಿ ಕಳೆದ. ಜೀಪಿನಲ್ಲಿ ತೆಲಂಗಾಣದ ಹಳ್ಳಿಹಳ್ಳಿಗೆ ಹೋಗಿ ಗೋಡೆಗೋಡೆಗೆ ಡಿಡಿಟಿ ಹೊಡೆಸಿದ. ಒಂದು ಹಂತದಲ್ಲಿ ರೋಗ ಹೋದಂತೆಯೇ ಎಂದು ಕಚೇರಿಯಲ್ಲಿ ಪೇಢೆ ಹಂಚಿದ್ದರು. ಅಪ್ಪ ನಿವೃತ್ತನಾಗುವ ಹೊತ್ತಿಗೆ ಸರಿಯಾಗಿ ಅದು ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಪೇಪರಿನಲ್ಲಿ ಸುದ್ದಿ ಓದಿದಾಗಲೆಲ್ಲ ಅಪ್ಪ, "ಹೋತು ಅಂದಿದ್ವಿ, ಮತ್ತ ಬಂತು ನೋಡು" ಎಂದು ಪೇಪರನ್ನು ಮಡಚಿ ಇಡುತ್ತಿದ್ದ. ಅಷ್ಟೇ ಹೇಳುತ್ತಿದ್ದ. ಆಮೇಲೆ ಊಟದವರೆಗೂ ಯಾರೊಂದಿಗೂ ಮಾತಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಭಾನುವಾರ, ನಮ್ಮ ಮಾತಿನಲ್ಲಿ ಆಯ್ತಾರ, ಬಂತೆಂದರೆ ಒಂದು ಶಾಸ್ತ್ರ. ಊಟವಾದ ಮೇಲೆ ಅಪ್ಪ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಹಳದಿ ಗುಳಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ನುಂಗದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಬೀಗರು ಬಂದಿದ್ದರೆ ಬೀಗರಿಗೂ ಬಿಡುಗಡೆಯಿಲ್ಲ. ಅದಕ್ಕೊಂದು ಹೆಸರಿದೆ ಎಂದು ನಾವು ಯಾರೂ ಕೇಳಲೇ ಇಲ್ಲ. ನಮ್ಮ ಪಾಲಿಗೆ ಅದು ಹಳದಿ ಗುಳಿಗಿ.

"ಅಪ್ಪಾ, ಅಲ್ಲಿ ಬರ್ಫ್ ಬಿದ್ದೈತಿ. ಸೊಳ್ಳಿ ಎಲ್ಲಿಂದ ಬರಬೇಕು?" ಎಂದೆ.

"ಬರ್ಫ್ ಕರಗ್ತೈತಿಲ್ಲ? ಕರಗಿದ್ರ ನೀರು. ನೀರಿದ್ದಲ್ಲಿ ಸೊಳ್ಳಿ. ಸೊಳ್ಳಿಗೇನು ಪಾಸ್‌ಪೋರ್ಟ್ ಬೇಕೇನವಾ?"

ವಾದದಲ್ಲಿ ಅಪ್ಪನನ್ನು ಗೆದ್ದವರಿಲ್ಲ. ಗುಳಿಗೆಯ ಪೊಟ್ಟಣವನ್ನು ತಿರುಗಿಸಿಯೂ ನೋಡದೆ ಇಸಿದುಕೊಂಡೆ. ಅವನು ಆ ಕಡೆ ಹೋದ ಕೂಡಲೆ ರೇಡಿಯೋದ ಹಿಂದೆ ಇಟ್ಟುಬಿಟ್ಟೆ.

ಇನ್ನು ನಾನು ಹೊರಟದ್ದು ಯಾಕೆ ಎಂಬುದು. ಹೈದರಾಬಾದಿನ ಒಂದು ಕಾಲೇಜಿನ ಶರೀರಶಾಸ್ತ್ರ ವಿಭಾಗದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದೆ. ವಿಷಯ ಕೇಳಿದವರು ಮುಖ ಕಿವುಚುತ್ತಿದ್ದರು. ನನಗೋ ಅದನ್ನು ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ! ಪ್ರಾಣಿಯ ಹೊಟ್ಟೆಗೆ ಅನ್ನ ಬಿದ್ದಾಗ, ಜಠರದ ಒಳಪದರದಲ್ಲಿ ಹಿಸ್ಟಮಿನ್ ಎಂಬ ಚಿಕ್ಕ ವಸ್ತು ಹೊರಬರುತ್ತದೆ. ಅದು ಪಕ್ಕದ ಕೋಶಗಳ ಬಾಗಿಲು ಬಡಿದು "ಆಮ್ಲ ಸುರಿಸಿರಿ" ಎನ್ನುತ್ತದೆ. ಆಮ್ಲ ಸುರಿಯುತ್ತದೆ, ಅನ್ನ ಕರಗುತ್ತದೆ. ಸರಿ. ಆದರೆ ಆ ಹಿಸ್ಟಮಿನ್ ಅಲ್ಲೇ ನಿಂತು ಬಡಿಯುತ್ತಲೇ ಇದ್ದರೆ? ಹೊಟ್ಟೆ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಲೋಕದವರೆಲ್ಲ ಒಲೆ ಹೊತ್ತಿಸುವವರು ಯಾರು ಎಂದು ಹುಡುಕುತ್ತಿದ್ದಾಗ, ಆರಿಸುವವರು ಯಾರು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಆರಿಸುವುದಕ್ಕೆ ಎರಡು ದಾರಿಗಳುಂಟು. ಒಂದು ಕಿಣ್ವ ಹಿಸ್ಟಮಿನ್ನಿನ ತುದಿಯನ್ನು ಕತ್ತರಿಸಿ ಹಾಕುತ್ತದೆ. ಇನ್ನೊಂದು ಕಿಣ್ವ ಕತ್ತರಿಸುವುದಿಲ್ಲ; ಮೀಥೈಲ್ ಎಂಬ ಒಂದು ಪುಟ್ಟ ಬಾಲ ಅಂಟಿಸುತ್ತದೆ. ಬಾಲ ಬಂದ ಹಿಸ್ಟಮಿನ್ನಿಗೆ ಬಾಗಿಲು ಬಡಿಯುವ ತಾಕತ್ತು ಉಳಿಯುವುದಿಲ್ಲ. ನಾನು ಗಿನಿಪಿಗ್ಗುಗಳಲ್ಲಿ ಕೆಲಸ ಮಾಡಿದೆ, ಯಾಕೆಂದರೆ ನಮ್ಮ ಕಾಲೇಜಿನ ಪ್ರಾಣಿಮನೆಯಲ್ಲಿ ಆ ಮೊಲದ ಮರಿಯಂಥ ಜೀವಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಆಮ್ಲ ಸುರಿಯುವಾಗಲೆಲ್ಲ ಅವುಗಳ ಜಠರದಲ್ಲಿದ್ದ ಬಾಲ ಅಂಟಿದ ಹಿಸ್ಟಮಿನ್ ನನ್ನ ಪರೀಕ್ಷೆಯ ಕಾಗದದ ಮೇಲೆ ಮಬ್ಬು ಕಲೆಯಾಗಿ ಕಾಣಿಸುತ್ತಿತ್ತು. ನಾಲ್ಕಾರು ವರ್ಷ ಅದನ್ನೇ ನೋಡಿ, ಅದನ್ನೇ ಬರೆದು, ಮಹಾಪ್ರಬಂಧ ಒಪ್ಪಿಸಿದೆ.

ಪರೀಕ್ಷಕರಲ್ಲಿ ಒಬ್ಬ ಸ್ವೀಡನ್ನಿನ ಪ್ರೊಫೆಸರ್. ಅವನು ಬರೆದ ಮಾತಿನ ಸಾರ ಇಷ್ಟು: ಜಠರದಲ್ಲಿ ಇಂಥ ಕೆಲಸ ನಡೆಯುವುದನ್ನು ನಮ್ಮ ಪ್ರಯೋಗಾಲಯದಲ್ಲಿ ನಾವು ಕಂಡೇ ಇಲ್ಲ, ನೀವು ಕಂಡ ಕಲೆ ಬಹುಶಃ ಕೊಳೆ. ಕೊಳೆ! ನನ್ನ ಯೌವನವೆಲ್ಲ ಕೊಳೆ ನೋಡುತ್ತ ಕಳೆಯಿತೇ? ಆದರೆ ಆ ಮನುಷ್ಯ ತಿರಸ್ಕರಿಸಲಿಲ್ಲ. ಬಂದು ನಮ್ಮೆದುರೇ ಮಾಡಿ ತೋರಿಸಿ, ತೋರಿಸಿದರೆ ಒಪ್ಪುತ್ತೇನೆ ಎಂದಿದ್ದ. ನನ್ನ ಮಾರ್ಗದರ್ಶಕಿ, ಗುಂಟೂರಿನ ಮೇಡಂ, ಓಡಾಡಿ ಒಂದು ವಿದ್ಯಾರ್ಥಿವೇತನ ಹಿಡಿದು ತಂದು, "ಏಂ ಪರವಾಲೇದಮ್ಮಾ, ವೆಳ್ಳಿ ಚೂಪಿಂಚು" ಎಂದು ಬೆನ್ನು ತಟ್ಟಿದರು. ಹೋಗಿ ತೋರಿಸು! ತೋರಿಸಿದರೆ ಡಾಕ್ಟರೇಟು. ಇಲ್ಲದಿದ್ದರೆ ಅಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು.

ಬೇಗಂಪೇಟೆ

ನನ್ನನ್ನು ವಿಮಾನ ಹತ್ತಿಸಲು ನಮ್ಮ ಗಲ್ಲಿಗೆ ಗಲ್ಲಿಯೇ ಬೇಗಂಪೇಟೆಗೆ ಬಂದಿತ್ತು. ಪಕ್ಕದ ಮನೆಯ ಖಾಲಾ ಪ್ರಯಾಣಕ್ಕೆ ಕಾವಲಾಗಿರಲೆಂದು ನನ್ನ ತೋಳಿಗೆ ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿದ ಇಮಾಮ್ ಜಾಮಿನ್ ಕಟ್ಟಿ, "ಸಂಭಲ್ ಕೋ ಜಾವ್ ಬೇಟಾ" ಎಂದು ಕಣ್ಣು ಒರೆಸಿಕೊಂಡಳು. ಅವ್ವ ಒಂದು ದೊಡ್ಡ ಡಬ್ಬಿ ಕೈಗೆ ಕೊಟ್ಟಳು.

"ಶೇಂಗಾ ಉಂಡಿ ಅದಾವ. ಸಾವಕಾಶ ತಿನ್ನು. ಡಬ್ಬಿ ತಳಾ ಕಾಣೂತನಕ ತಿನ್ನು ಮತ್ತ!"

ತಳದ ಮಾತೇಕೆ ಬಂತು ಎಂದು ನಾನು ಆಗ ಯೋಚಿಸಲಿಲ್ಲ. ಅಪ್ಪ ಬೇರೆ ಕಡೆ ನೋಡುತ್ತ ನಿಂತಿದ್ದ. ವಿಮಾನ ಮೇಲೇರಿದಾಗ ಹುಸೇನ್‌ಸಾಗರ ಕೆರೆ ಒಂದು ತಾಟಿನಷ್ಟಾಗಿ ಹೊಳೆಯಿತು. ನಾನು ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡು, ಹೆದರಿಕೆಯೋ ಖುಷಿಯೋ ತಿಳಿಯದೆ ನಕ್ಕೆ.

ಕೋಪನ್‌ಹೇಗನ್

ಮುಂಬಯಿಯಲ್ಲಿ ವಿಮಾನ ಬದಲಿಸಿ ಕೋಪನ್‌ಹೇಗನ್ನಿನಲ್ಲಿ ಇಳಿದೆ. ಅಲ್ಲಿಂದ ಸಮುದ್ರ ದಾಟಿದರೆ ಸ್ವೀಡನ್. ಸುಂಕದ ಅಧಿಕಾರಿಗೆ ನನ್ನ ಪೆಟ್ಟಿಗೆಯಲ್ಲಿದ್ದ ಅಗಸಿ ಚಟ್ನಿಪುಡಿಯ ಮೇಲೆ ಗುಮಾನಿ ಬಂತು. ಮುಚ್ಚಳ ತೆಗೆದು ಮೂಗು ಹತ್ತಿರ ತಂದ. "ಬೇಡ" ಎನ್ನುವಷ್ಟರಲ್ಲಿ ಆಳವಾಗಿ ಉಸಿರೆಳೆದ. ಆಮೇಲೆ ಅವನು ಸೀನಿದ ಸೀನಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಕಣ್ಣೀರು ಸುರಿಸುತ್ತ ಪುಡಿಗೆ ಮುಚ್ಚಳ ಬಿಗಿದು, ಉಂಡಿಯ ಡಬ್ಬಿ ಮುಟ್ಟುವ ಸಾಹಸಕ್ಕೇ ಹೋಗದೆ, ಕೈಸನ್ನೆಯಿಂದ ನನ್ನನ್ನು ಕಳಿಸಿಬಿಟ್ಟ.

ಮಾಲ್ಮೋಗೆ ಹೋಗುವ ಹಡಗಿನಲ್ಲಿ ಪಕ್ಕ ಕೂತ ಅಜ್ಜಿ ನನ್ನ ಸೀರೆಯನ್ನೂ ಅದರ ಮೇಲಿನ ಎರಡು ಸ್ವೆಟರುಗಳನ್ನೂ ನೋಡಿ, ಎಲ್ಲಿಂದ ಎಂದಳು. ಹೈದರಾಬಾದ್ ಎಂದೆ.

"ಓ, ಪಾಕಿಸ್ತಾನ!"

"ಅದು ಬೇರೆ. ನಮ್ಮದು ಆಂಧ್ರಪ್ರದೇಶದ ರಾಜಧಾನಿ."

"ಹಾಗಾದರೆ ನಿಮ್ಮ ಭಾಷೆ ಆಂಧ್ರ?"

"ಅಲ್ಲ, ಊರಿನ ಭಾಷೆ ತೆಲುಗು. ನಮ್ಮ ಗಲ್ಲಿಯದು ಉರ್ದು. ನಮ್ಮ ಮನೆಯದು ಕನ್ನಡ."

ಅಜ್ಜಿ ಹೆಣಿಗೆ ಶುರುಮಾಡಿದಳು. ಕಿಟಕಿಯಾಚೆ ಬೂದುಬಣ್ಣದ ನೀರಿನ ಮೇಲೆ ಮಂಜುಗಡ್ಡೆಯ ಚಪ್ಪಡಿಗಳು ತೇಲುತ್ತಿದ್ದವು. ಜನ್ಮದಲ್ಲಿ ಮೊದಲ ಸಲ ಸಮುದ್ರದ ಮೇಲಿದ್ದೆ, ಅದೂ ಬರ್ಫಿನ ಸಮುದ್ರ! ಪರೀಕ್ಷೆ, ಪ್ರೊಫೆಸರು, ಕೊಳೆ ಎಲ್ಲ ಆ ಹೊತ್ತಿಗೆ ಮರೆತೇ ಹೋಗಿತ್ತು.

ಇಲಿಗಳ ಮನೆ

ನಾನು ಹೋದದ್ದು ಮಾಲ್ಮೋದಿಂದ ರೈಲಿನಲ್ಲಿ ಮುಟ್ಟುವ ಒಂದು ಸಣ್ಣ ಊರಿಗೆ. ಬಸ್ಸಿನಲ್ಲಿ ಜನ ಒಂದೊಂದು ಸೀಟು ಬಿಟ್ಟು ಕೂರುತ್ತಾರೆ, ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನಮ್ಮ ನಾಂಪಲ್ಲಿ ಸ್ಟೇಷನ್ನಿನ ಬೆಂಚಿನಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಪಕ್ಕದವರ ಮಗಳ ಮದುವೆಯ ಮಾತುಕತೆ ಎಲ್ಲಿಗೆ ಬಂತು ಎಂದು ತಿಳಿದಿರುತ್ತದೆ. ಇಲ್ಲಿ ಬಸ್ಸೆಂದರೆ ಧ್ಯಾನಮಂದಿರ.

ಪ್ರೊಫೆಸರನನ್ನು ಎಲ್ಲರೂ ಬರೀ "ನಿಲ್ಸ್" ಎನ್ನುತ್ತಿದ್ದರು. ಕಸ ಗುಡಿಸುವವಳ ಬಾಯಲ್ಲೂ ನಿಲ್ಸ್, ಹೊಸದಾಗಿ ಸೇರಿದ ವಿದ್ಯಾರ್ಥಿಯ ಬಾಯಲ್ಲೂ ನಿಲ್ಸ್! ನಮ್ಮಲ್ಲಿ ವಿಭಾಗದ ಮುಖ್ಯಸ್ಥರ ಹೆಸರನ್ನು ಅವರಿಲ್ಲದಾಗಲೂ ಪಿಸುಮಾತಿನಲ್ಲಿ ಹೇಳುತ್ತಿದ್ದೆವು. ನನ್ನ ಬಾಯಿಗೆ ಆ ಬೋಳು ಹೆಸರು ಬರಲಿಲ್ಲ. ನಾನು "ನಿಲ್ಸ್ ಸರ್" ಎಂದೆ. ಅವನು ಉದ್ದನೆಯ, ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಬೇಡವೆಂದು ಹೇಳುವುದಕ್ಕೂ ಅವನಿಗೆ ಸಂಕೋಚ. ನನಗೆ ಜೊತೆಯಾದವಳು ಇಂಗ್ರಿಡ್. ಅದೇ ಪ್ರಯೋಗಾಲಯದ ಸಂಶೋಧಕಿ, ನನ್ನದೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ.

ಅಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕಾಫಿಗೆ ಎಲ್ಲರೂ ಕೆಲಸ ಬಿಟ್ಟು ಒಂದೇ ಮೇಜಿಗೆ ಬರಬೇಕು. ನಮ್ಮಲ್ಲಿ ಹಾಗಿಲ್ಲ, ಚಹಾವೇ ನಾವಿದ್ದಲ್ಲಿಗೆ ಬರುತ್ತದೆ, ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಕೊಳವೆ. ನಾನು ಕೆಲಸ ಬಿಡಬಾರದೆಂದು ಆ ಮೇಜಿಗೆ ಹೋಗುತ್ತಿರಲಿಲ್ಲ. ನನ್ನ ಶ್ರದ್ಧೆ ನೋಡಿ ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಇಂಗ್ರಿಡ್ ಒಂದು ದಿನ ಮೆಲ್ಲಗೆ ಕೇಳಿದಳು, "ನಮ್ಮ ಮೇಲೆ ನಿಮಗೆ ಸಿಟ್ಟೇ?"

ಅವರ ಪ್ರಯೋಗವೆಲ್ಲ ಇಲಿಗಳಲ್ಲಿ. ನಮ್ಮ ಅಡಿಗೆಮನೆಯ ಕಳ್ಳ ಇಲಿಗಳಲ್ಲ. ಬೆಳ್ಳಗೆ ಒಗೆದಿಟ್ಟ ಬಟ್ಟೆಯಂಥವು. ಇಲಿಯ ಜಠರದ ಒಳಪದರವನ್ನು ಅರೆದು, ಅದಕ್ಕೆ ವಿಕಿರಣದ ಗುರುತು ಹಾಕಿದ ಹಿಸ್ಟಮಿನ್ ಬೆರೆಸುವುದು. ಆಮೇಲೆ ಅದರ ಹನಿಯನ್ನು ಕಾಗದದ ಪಟ್ಟಿಯ ಮೇಲೆ ಹರಿಯಬಿಡುವುದು. ಬಾಲವಿಲ್ಲದ ಹಿಸ್ಟಮಿನ್ ಒಂದು ಕಡೆ ನಿಲ್ಲುತ್ತದೆ, ಬಾಲ ಅಂಟಿದ್ದು ಇನ್ನೊಂದು ಕಡೆ. ಪಟ್ಟಿಯ ಮೇಲೆ ಎಣಿಕೆಯ ಯಂತ್ರವನ್ನು ಸರಿಸುತ್ತ ಹೋದರೆ, ವಸ್ತು ಇದ್ದಲ್ಲಿ ಅದು ಚಟಪಟ ಎನ್ನುತ್ತದೆ. ಹೈದರಾಬಾದಿನಲ್ಲಿ ನನಗೆ ಇಂಥ ಯಂತ್ರವಿರಲಿಲ್ಲ. ಬಣ್ಣ ಸಿಂಪಡಿಸಿ, ಮಬ್ಬು ಕಲೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ.

ನನ್ನ ಕೈಯಿಂದಲೇ ಎಲ್ಲ ಮಾಡಿದೆ. ನಿಲ್ಸ್ ಯಂತ್ರ ಸರಿಸಿದ. ಬಾಲವಿಲ್ಲದ ಹಿಸ್ಟಮಿನ್ ಇದ್ದಲ್ಲಿ ಜೋರು ಸದ್ದು. ಬಾಲದ ಜಾಗಕ್ಕೆ ಬಂದ. ಸದ್ದಿಲ್ಲ. ಎಲ್ಲೋ ಒಮ್ಮೆ ಟಿಕ್, ಮತ್ತೆ ಮೌನ. ಎರಡನೆಯ ಸಲ ಮಾಡಿದೆ, ಮೂರನೆಯ ಸಲ ಮಾಡಿದೆ. ಅದೇ.

"ನಮಗೆ ಯಾವಾಗಲೂ ಹೀಗೇ ಬಂದಿದೆ," ಎಂದ ನಿಲ್ಸ್. ಗೆದ್ದ ದನಿಯಲ್ಲಲ್ಲ, ಪಾಪ, ಬೇಸರದಿಂದಲೇ ಹೇಳಿದ.

ಆ ಸಂಜೆ ಬಸ್ಸಿನಲ್ಲಿ ಅತ್ತೆ. ನನ್ನ ಪಕ್ಕದ ಸೀಟು ಎಂದಿನಂತೆ ಖಾಲಿ. ನಮ್ಮೂರಿನ ಬಸ್ಸಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ನೀರು ಕುಡಿಸಿರುತ್ತಿದ್ದರು. ಆ ದಿನ ನನಗೆ ಊರು ಬಹಳ ನೆನಪಾಯಿತು.

ಹಂದಿಯ ಜಠರ

ಬೆಳಿಗ್ಗೆ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಹಲ್ಲುಜ್ಜುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ನಾನು ಇಲ್ಲಿ ಮಾಡಿದ್ದು ಇಲಿಯಲ್ಲಿ. ಅಲ್ಲಿ ಕಂಡದ್ದು ಗಿನಿಪಿಗ್ಗಿನಲ್ಲಿ. ಅವರು ಇಲಿಯ ಹೊಟ್ಟೆಯನ್ನೇ ಲೋಕದ ಹೊಟ್ಟೆ ಎಂದುಕೊಂಡಿದ್ದಾರೆ. ನಾನು ಗಿನಿಪಿಗ್ಗಿನ ಹೊಟ್ಟೆಯನ್ನು! ಒಲೆ ಆರಿಸುವ ರೀತಿ ಮನೆಮನೆಗೂ ಬೇರೆ ಇರಬಾರದೇಕೆ? ಒಬ್ಬರು ನೀರು ಹಾಕುತ್ತಾರೆ, ಒಬ್ಬರು ಕೊಳ್ಳಿ ಹಿರಿಯುತ್ತಾರೆ. ಬಾಯಿಯ ನೊರೆ ಒರೆಸಿಕೊಂಡು, ಸ್ವೆಟರನ್ನು ತಿರುವುಮುರುವು ಹಾಕಿಕೊಂಡು ಓಡಿದೆ.

"ಗಿನಿಪಿಗ್ ಬೇಕು, ನಿಲ್ಸ್ ಸರ್!"

ಅವರಲ್ಲಿ ಗಿನಿಪಿಗ್ ಇರಲಿಲ್ಲ. ತರಿಸುವುದಕ್ಕೆ ಪರವಾನಗಿ, ಕಾಗದಪತ್ರ. ಅಷ್ಟರಲ್ಲಿ ನನ್ನ ವೀಸಾ ಮುಗಿಯುತ್ತದೆ. ಇಂಗ್ರಿಡ್ ಬೆರಳಿನಿಂದ ಗಲ್ಲ ಬಡಿದುಕೊಳ್ಳುತ್ತ ಅಂದಳು, "ಇಲಿಯಲ್ಲದ ಯಾವುದಾದರೂ ನಡೆಯುತ್ತದೆಯೇ? ಈ ಸೀಮೆಯಲ್ಲಿ ಜನರಿಗಿಂತ ಹಂದಿಗಳೇ ಹೆಚ್ಚು."

ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ತಿಂದದ್ದೇ ಶ್ರಾವಣದಲ್ಲಿ ದೊಡ್ಡ ಸುದ್ದಿ. ಅಂಥ ಮನೆಯ ಮಗಳು ಮರುದಿನ ಬೆಳಿಗ್ಗೆ ಹಂದಿಯ ಕಸಾಯಿಖಾನೆಯ ಬಾಗಿಲಲ್ಲಿ ಸ್ಟೀಲಿನ ಬಕೀಟು ಹಿಡಿದು ನಿಂತಿದ್ದಳು. ಒಳಗೆ ಆಸ್ಪತ್ರೆಯಷ್ಟು ಶುಭ್ರ. ಬಿಳಿ ಕೋಟಿನ ಪಶುವೈದ್ಯ ಆಗಷ್ಟೇ ತೆಗೆದ ಜಠರವನ್ನು ಬಕೀಟಿನ ಬರ್ಫಿನ ಮೇಲಿಟ್ಟ. ನಾನು ಕಣ್ಣು ಮುಚ್ಚಿಕೊಂಡು ಬಾಯಿಯಿಂದ ಉಸಿರಾಡುತ್ತಿದ್ದೆ. ಅವನು ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು, ಟೋಪಿ ತೆಗೆದು ತಲೆ ಬಗ್ಗಿಸಿ ನಿಂತನಂತೆ. ಇಂಗ್ರಿಡ್ ಇದನ್ನು ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕಳು.

ಬಕೀಟಿನೊಂದಿಗೆ ಬಸ್ಸಿನಲ್ಲಿ ಬಂದೆವು. ಸೀರೆಯುಟ್ಟ ಹೆಂಗಸಿನ ತೊಡೆಯ ಮೇಲೆ ಹೊಗೆಯಾಡುವ ಬಕೀಟು. ಒಬ್ಬರಾದರೂ ಕಣ್ಣೆತ್ತಿ ನೋಡಬೇಕಲ್ಲ! ಹೈದರಾಬಾದಿನ ಬಸ್ಸಾಗಿದ್ದರೆ ಕಂಡಕ್ಟರನೇ ಮೊದಲು "ಏಮುಂದಮ್ಮಾ ಅಂದುಲೋ?" ಎನ್ನುತ್ತಿದ್ದ, ಅದರಲ್ಲೇನಿದೆಯಮ್ಮಾ ಎಂದು. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಅರ್ಧ ಬಸ್ಸು ಹೊಟ್ಟೆ ಉರಿಗೆ ಮನೆಮದ್ದು ಹೇಳಿ ಮುಗಿಸಿರುತ್ತಿತ್ತು.

ಮತ್ತೆ ಅರೆದೆ, ಬೆರೆಸಿದೆ, ಹರಿಯಬಿಟ್ಟೆ. ನಿಲ್ಸ್ ಯಂತ್ರ ಸರಿಸುತ್ತ ಬಂದ. ಬಾಲದ ಜಾಗಕ್ಕೆ ಬಂದದ್ದೇ ತಡ, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟಪಟಪಟ! ನಾನು ಕಿರುಚಿದೆ. ಅಂಥ ಸದ್ದು ಆ ಕಟ್ಟಡದಲ್ಲಿ ಹಿಂದೆ ಯಾರೂ ಮಾಡಿರಲಿಕ್ಕಿಲ್ಲ. ಮೇಲಿನ ಮಹಡಿಯವರು ಏನಾಯಿತೆಂದು ಇಳಿದು ಬಂದರು.

ನಿಲ್ಸ್ ಗಡ್ಡ ನೀವಿಕೊಂಡ. "ಇಲ್ಲಿ ಏನೋ ಇದೆ, ನಿಜ. ಆದರೆ ಇದು ನೀವು ಹೇಳುವ ಕಿಣ್ವದ ಕೆಲಸವೋ, ಇನ್ನೇನಾದರೂ ಕೊಳೆಯೋ? ಆ ಕಿಣ್ವವನ್ನು ತಡೆದು ತೋರಿಸಿ. ತಡೆದಾಗ ಈ ಸದ್ದು ನಿಲ್ಲಬೇಕು."

ನ್ಯಾಯವಾದ ಮಾತು. ತಡೆಯುವ ವಸ್ತು ಯಾವುದೆಂದು ನಾನು ಓದಿ ತಿಳಿದಿದ್ದೆ: ಅಮೋಡಿಯಾಕ್ವಿನ್. ಅದು ಪ್ರಯೋಗಾಲಯದ ಕಪಾಟಿನಲ್ಲಿ ಇರಲಿಲ್ಲ. ಇಂಗ್ರಿಡ್ ಊರಿನ ಔಷಧಿ ಅಂಗಡಿಗಳಿಗೆಲ್ಲ ಫೋನು ಮಾಡಿದಳು. ಅದು ಯಾರೂ ಕೇಳದ ಔಷಧಿ, ಹೊರಗಿನಿಂದ ತರಿಸಬೇಕು, ತಿಂಗಳಾದರೂ ಬೇಕು ಎಂದರು. ನನ್ನ ವಿಮಾನ ಬರುವ ಮಂಗಳವಾರ. ಗೆಲುವು ಕೈಗೆ ಬಂದಂತಾಗಿ ಬಾಯಿಗೆ ಬರಲಿಲ್ಲ ಎನಿಸಿ, ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಶುಕ್ರವಾರದ ಕಾಫಿ

ಅವರಲ್ಲಿ ಇನ್ನೊಂದು ಕಟ್ಟಳೆಯಿದೆ. ಶುಕ್ರವಾರದ ಕಾಫಿಗೆ ಪಾಳಿಯ ಪ್ರಕಾರ ಒಬ್ಬೊಬ್ಬರು ಏನಾದರೂ ಮಾಡಿ ತರಬೇಕು. ಪ್ರೊಫೆಸರನಿಗೂ ಬಿಡುಗಡೆಯಿಲ್ಲ, ಹಿಂದಿನ ಶುಕ್ರವಾರ ಅವನೇ ಬೇಯಿಸಿದ ಕೇಕಿನ ತಳ ಸೀದಿತ್ತಂತೆ. ಈ ಸಲ ಪಾಳಿ ನನ್ನದು. ಎಷ್ಟೋ ದಿನ ಆ ಮೇಜಿಗೇ ಹೋಗದ ನಾನು ಇನ್ನೂ ತಪ್ಪಿಸಿಕೊಂಡರೆ ಇಂಗ್ರಿಡ್ ನಿಜಕ್ಕೂ ನೊಂದುಕೊಳ್ಳುತ್ತಾಳೆ. ಕೇಕು ನನಗೆ ಬಾರದು. ಅವ್ವನ ಡಬ್ಬಿ ಎತ್ತಿಕೊಂಡು ಹೋದೆ.

ಮೇಲಿನ ಉಂಡಿಗಳನ್ನು ನಾನೇ ತಿಂದು ಮುಗಿಸಿದ್ದೆ. ಉಳಿದವುಗಳನ್ನು ತಟ್ಟೆಗೆ ಸುರಿಯಲೆಂದು ಡಬ್ಬಿಯನ್ನು ಬೋರಲು ಮಾಡಿದೆ. ಉಂಡಿಗಳು ಉರುಳಿದವು. ಕೊನೆಗೆ, ತಳಕ್ಕೆ ಅಂಟಿದ್ದ ಒಂದು ಕಾಗದದ ಪೊಟ್ಟಣ ಟಪ್ಪೆಂದು ಬಿತ್ತು. ನಾನು ರೇಡಿಯೋದ ಹಿಂದೆ ಬಿಟ್ಟುಬಂದದ್ದೇ! ಅಪ್ಪ ಅದನ್ನು ಪತ್ತೆ ಹಚ್ಚಿ, ಅವ್ವನನ್ನು ಒಳಗೆ ಹಾಕಿಕೊಂಡು, ಉಂಡಿಯ ಕೆಳಗೆ ಹೂತಿಟ್ಟಿದ್ದ.

"ಇದೂ ಸಿಹಿಯೇ?" ಎಂದಳು ಇಂಗ್ರಿಡ್.

"ಅಲ್ಲ, ಮಲೇರಿಯಾ ಗುಳಿಗೆ. ನಮ್ಮ ಅಪ್ಪನಿಗೆ ನಿಮ್ಮ ದೇಶದ ಸೊಳ್ಳೆಗಳ ಭಯ."

ಮೇಜಿನವರೆಲ್ಲ ನಕ್ಕರು. ನಿಲ್ಸ್ ಕೂಡ ಗಡ್ಡದೊಳಗೇ ನಕ್ಕ. ನಾನೂ ನಗುತ್ತ ಪೊಟ್ಟಣ ಎತ್ತಿಕೊಂಡೆ. ಮೇಲೆ ಅಪ್ಪನ ಕಚೇರಿಯ ಅಕ್ಷರದಲ್ಲಿ ಬರೆದಿತ್ತು: ಅಮೋಡಿಯಾಕ್ವಿನ್, ಆಯ್ತಾರಕ್ಕೊಂದು, ಊಟದ ನಂತರ.

ನನ್ನ ನಗು ಅಲ್ಲೇ ನಿಂತಿತು. ಬುದ್ಧಿ ತಿಳಿದಾಗಿನಿಂದ ಆಯ್ತಾರ ಆಯ್ತಾರ ನುಂಗಿದ ಹಳದಿ ಗುಳಿಗೆ! ಪುಸ್ತಕದಲ್ಲಿ ಆ ಹೆಸರನ್ನು ಎಷ್ಟು ಸಲ ಓದಿಲ್ಲ ನಾನು! ಲೈಬ್ರರಿಯ ಹೆಸರು ಲೈಬ್ರರಿಯಲ್ಲಿ, ಮನೆಯ ಹೆಸರು ಮನೆಯಲ್ಲಿ. ಎರಡೂ ಒಂದೇ ಎಂದು ಕನಸಿನಲ್ಲೂ ಹೊಳೆದಿರಲಿಲ್ಲ. ಕೈಯಲ್ಲಿದ್ದ ಕಾಫಿ ಸೀರೆಯ ಮೇಲೆ ಚೆಲ್ಲಿತು. ಪೊಟ್ಟಣವನ್ನು ಇಂಗ್ರಿಡ್ಡಳ ಮುಂದೆ ಹಿಡಿದು, ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಅವಳು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು. ಕಾಫಿಯ ಮೇಜನ್ನು ನಡುವೆ ಬಿಟ್ಟು ಎದ್ದುಹೋದ ಮೊದಲ ಸ್ವೀಡಿಷ್ ಹೆಂಗಸು ಅವಳೇ ಇರಬೇಕು.

ಗುಳಿಗೆಗಳನ್ನು ಒರಳಿನಲ್ಲಿ ಕುಟ್ಟಿದೆವು, ನೀರಿನಲ್ಲಿ ಕದಡಿ ಸೋಸಿದೆವು. ಹಳದಿ ತಿಳಿನೀರು ಇಳಿಯಿತು. ನಿಲ್ಸ್ ಬಾಗಿಲಲ್ಲಿ ನಿಂತು, "ಗುಳಿಗೆಯಲ್ಲಿ ಹಿಟ್ಟು, ಸುಣ್ಣ ಇರುತ್ತವೆ. ತಡೆದದ್ದು ಅವೇ ಆಗಿದ್ದರೆ?" ಎಂದ. ಹಾಗಾಗಿ ಮೂರು ಪಟ್ಟಿ ಮಾಡಿದೆ. ಒಂದರಲ್ಲಿ ಅರೆದ ಹಂದಿಯ ಜಠರ ಮಾತ್ರ, ಎರಡನೆಯದಕ್ಕೆ ಹಿಟ್ಟು ಸುಣ್ಣ ಬೆರೆಸಿದ್ದು, ಮೂರನೆಯದಕ್ಕೆ ಅಪ್ಪನ ಗುಳಿಗೆ.

ಪಟ್ಟಿಗಳ ಮೇಲೆ ಹನಿ ಹರಿದು ಒಣಗುವ ಹೊತ್ತಿಗೆ ಶನಿವಾರ ಬೆಳಗಾಗಿತ್ತು. ಶನಿವಾರ ಅಲ್ಲಿ ಯಾರೂ ಕೆಲಸಕ್ಕೆ ಬರುವುದಿಲ್ಲ, ಬರುವುದನ್ನು ತಪ್ಪೆಂದೇ ತಿಳಿಯುತ್ತಾರೆ. ನಾನು ಹೋಗುವಷ್ಟರಲ್ಲಿ ನಿಲ್ಸ್ ಬೂಟಿನ ಮಂಜು ಕೊಡವುತ್ತ ಮೆಟ್ಟಿಲ ಮೇಲೆ ನಿಂತಿದ್ದ. ಇಂಗ್ರಿಡ್ ಒಳಗೆ ಯಂತ್ರ ಹಚ್ಚಿಟ್ಟಿದ್ದಳು.

ಮೊದಲ ಪಟ್ಟಿ. ಬಾಲದ ಜಾಗದಲ್ಲಿ ಚಟಪಟಪಟ. ಎರಡನೆಯದು, ಹಿಟ್ಟು ಸುಣ್ಣದ್ದು. ಅದೂ ಚಟಪಟಪಟ. ಮೂರನೆಯದನ್ನು ಇಟ್ಟಾಗ ನಾನು ತೋಳಿನ ಇಮಾಮ್ ಜಾಮಿನ್ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಯಂತ್ರ ಸರಿಯಿತು. ಬಾಲದ ಜಾಗಕ್ಕೆ ಬಂತು. ಟಿಕ್. ಮೌನ. ನಿಲ್ಸ್ ಹಿಂದಕ್ಕೆ ಸರಿಸಿದ, ಮುಂದಕ್ಕೆ ಸರಿಸಿದ. ಮೌನ! ಹಿಸ್ಟಮಿನ್ ಬಾಲವಿಲ್ಲದೆ ತಾನಿದ್ದಲ್ಲೇ ಕೂತಿತ್ತು, ಒಂದಿಷ್ಟೂ ಕದಲದೆ.

ನಿಲ್ಸ್ ಕನ್ನಡಕ ತೆಗೆದು ಒರೆಸಿದ. "ಕೆಟ್ಟದ್ದಲ್ಲ," ಎಂದ.

ಇಷ್ಟು ಮಾಡಿದರೂ ಬರೀ ಕೆಟ್ಟದ್ದಲ್ಲವೇ? ನಮ್ಮಲ್ಲಾಗಿದ್ದರೆ ಯಾರಾದರೂ "ವಾಹ್, ಕಮಾಲ್ ಕರ್ ದಿಯಾ!" ಎಂದು ಮೇಜು ಗುದ್ದಿ ಬಿರಿಯಾನಿ ತರಿಸುತ್ತಿದ್ದರು. ಇಂಗ್ರಿಡ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಕಿವಿಯಲ್ಲಿ ಹೇಳಿದಳು: "ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ. ಅವನ ಬಾಯಿಂದ ಆ ಮಾತು ಕೇಳಿದ್ದು ಇದು ಎರಡನೆಯ ಸಲ!"

ನಿಲ್ಸ್ ಅಲ್ಲೇ ಕೂತು ವರದಿ ಬರೆದ. ಇಲಿಯ ಜಠರದಲ್ಲಿ ಬಾಲ ಅಂಟಿಸುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ, ಹಂದಿಯಲ್ಲಿ ಧಾರಾಳ, ಹೀಗೆ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗುವುದರಿಂದ ಗಿನಿಪಿಗ್ಗಿನಲ್ಲಿ ಈಕೆ ಕಂಡದ್ದು ಕೊಳೆಯಲ್ಲ, ತಪ್ಪಿದ್ದು ನಮ್ಮ ಊಹೆ. ಸಹಿ ಹಾಕಿ ಕೈಗೆ ಕೊಟ್ಟ. ನಾನು "ಥ್ಯಾಂಕ್ಸ್, ನಿಲ್ಸ್" ಎಂದೆ. ಸರ್ ಎನ್ನಲು ಮರೆತೇ ಹೋಗಿತ್ತು. ಅವನಿಗೆ ಅದೇ ಹೆಚ್ಚು ಖುಷಿಯಾದಂತೆ ಕಂಡಿತು.

ಮತ್ತೆ ಬೇಗಂಪೇಟೆ

ವಿಮಾನದ ಬಾಗಿಲು ತೆರೆದಾಗ ಹೈದರಾಬಾದಿನ ಬಿಸಿಗಾಳಿ ಮುಖಕ್ಕೆ ರಾಚಿತು. ಆಹಾ! ಎರಡೂ ಸ್ವೆಟರು ಕಿತ್ತು ಬಗಲಿಗೆ ಸಿಕ್ಕಿಸಿಕೊಂಡೆ. ಹೊರಗೆ ಅಪ್ಪ ಒಬ್ಬನೇ ಬಂದಿದ್ದ. ಸೊರಗಿದ್ದೀಯ ಎನ್ನಲಿಲ್ಲ, ಕೆಲಸ ಏನಾಯಿತೆಂದು ಕೇಳಲಿಲ್ಲ.

"ಗುಳಿಗಿ ತಗೊಂಡ್ಯೇನವಾ?"

"ಒಂದೂ ನುಂಗಲಿಲ್ಲಪಾ."

ಅಪ್ಪನ ಮುಖ ಸಪ್ಪಗಾಯಿತು. ಪೆಟ್ಟಿಗೆ ಎತ್ತಿಕೊಂಡು ಆಟೋದ ಕಡೆ ಹೊರಟ.

"ಆದ್ರ ಒಂದೂ ಉಳಿದಿಲ್ಲ!" ಎಂದು ಹಿಂದಿನಿಂದ ಕೂಗಿದೆ.

ಆಟೋದಲ್ಲಿ ಎಲ್ಲ ಹೇಳಿದೆ. ಕೊಳೆ ಎಂದದ್ದು, ಇಲಿಯ ಮೌನ, ಹಂದಿಯ ಚಟಪಟ, ಉಂಡಿಯ ತಳದ ಪೊಟ್ಟಣ, ಮೂರು ಪಟ್ಟಿ. ಕೈಬಾಯಿ ಎರಡೂ ಆಡಿಸುತ್ತ, ಆಟೋದವನೂ ತಿರುಗಿ ತಿರುಗಿ ನೋಡುವಂತೆ ಹೇಳಿದೆ. ಅಪ್ಪ ನಗಲಿಲ್ಲ. ಹಂದಿಯ ಹೊಟ್ಟೆ ಎಂದಾಗಲೂ ಮೂಗು ಮುರಿಯಲಿಲ್ಲ. ಹುಸೇನ್‌ಸಾಗರದ ಏರಿ ದಾಟಿತು, ಬಷೀರ್‌ಬಾಗ್ ದಾಟಿತು. ಅವನು ಹೊರಗೆ ನೋಡುತ್ತ ಕೂತಿದ್ದ. ಸುಸ್ತಾಗಿರಬೇಕು, ಇಲ್ಲವೇ ನನ್ನ ಶಾಸ್ತ್ರ ತಲೆಗೆ ಹೋಗಲಿಲ್ಲ ಎಂದುಕೊಂಡೆ.

ನಮ್ಮ ಗಲ್ಲಿಗೆ ತಿರುಗುವಾಗ ನನ್ನ ಕಡೆ ನೋಡಿದ.

"ನನ್ನ ಗುಳಿಗಿ ಹಾಕಿದ ಮ್ಯಾಲೆ ಪೂರಾ ನಿಂತು ಬಿಡ್ತೇನು?"

"ಪೂರಾ ನಿಂತು ಬಿಡ್ತಪಾ."

"ಬರಾಬರ್ ನೋಡಿದ್ರೇನು ಎಲ್ಲಾರೂ?"

"ಹಿಂದ ಮುಂದ ಸರಿಸಿ ನೋಡಿದ್ರು."

ಅಪ್ಪ ಇನ್ನಷ್ಟು ಹತ್ತಿರ ಸರಿದ. "ಮತ್ತ ಬರಲಿಲ್ಲ?"

"ಇಲ್ಲಪಾ. ಮತ್ತ ಬರಲಿಲ್ಲ."

ಅಪ್ಪ ತಲೆಯಾಡಿಸಿದ. ನನ್ನ ಮಡಿಲಲ್ಲಿದ್ದ ಖಾಲಿ ಡಬ್ಬಿಯನ್ನು ತೆಗೆದುಕೊಂಡು, ಮನೆ ಮುಟ್ಟುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ.